ಉಸಿರು ಬಿಡುವಾಗಿನ ಸದ್ದು

ಮದುವೆಯಾಗಿ ನಾನು ಅಜ್ಜಂಪುರಕ್ಕೆ ಬಂದದ್ದು ಎಂಬತ್ತರ ದಶಕದ ಮೊದಮೊದಲಲ್ಲಿ. ತವರು ಕಡೂರು. ಅಲ್ಲಿ ಪಿಯುಸಿಯಲ್ಲಿ ಸೈನ್ಸ್ ಓದಿದ್ದೆ. ಓದು ಅಲ್ಲಿಗೇ ನಿಂತರೂ ‘ಅದು ಯಾಕೆ ಹಾಗೆ’ ಎಂದು ಕೇಳುವ ಚಟ ಮಾತ್ರ ನಿಲ್ಲಲಿಲ್ಲ. ಗಂಡನ ಮನೆಯಲ್ಲಿ ಇದ್ದದ್ದು ಮೂರೇ ಜನ: ಪೇಟೆಯಲ್ಲಿ ಕಾಳಿನ ಅಂಗಡಿ ಇಟ್ಟಿದ್ದ ನನ್ನ ಗಂಡ, ಅತ್ತೆ ಮತ್ತು ನಾನು. ಮಾವ ನಾನು ಬರುವ ಮೊದಲೇ ತೀರಿಕೊಂಡಿದ್ದರು.

ಅತ್ತೆ ಗಟ್ಟಿ ಹೆಂಗಸು. ಬೆಳಗ್ಗೆ ಲಿಂಗಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಹಚ್ಚಿಕೊಂಡು ಹೊರಗೆ ಬಂದರೆ ಸಂಜೆಯವರೆಗೆ ಕೂತದ್ದನ್ನು ನಾನು ಕಂಡಿರಲಿಲ್ಲ. ನನ್ನ ಮೇಲೆ ಅವರಿಗೆ ಸಿಟ್ಟೂ ಇರಲಿಲ್ಲ, ಸಲಿಗೆಯೂ ಇರಲಿಲ್ಲ. ಅವರು ಕೆಲಸ ಹೇಳುತ್ತಿದ್ದರು, ನಾನು ಮಾಡುತ್ತಿದ್ದೆ. ಅವರು ಎಂಥವರು, ಏನು ಯೋಚಿಸುತ್ತಾರೆ ಎಂಬುದು ಒಂದೂ ತಿಳಿಯುತ್ತಿರಲಿಲ್ಲ.

ನನ್ನ ಮೊದಲ ಚಳಿಗಾಲ. ರಾಗಿ ಒಕ್ಕಣೆಯ ದಿನಗಳು. ನಮ್ಮ ಹೊಲದ ಕಣದಲ್ಲಿ ನಿಂತು ರಾಗಿ ತೂರಿಸಿ ಬಂದ ಅತ್ತೆಗೆ ನೆಗಡಿ ಹತ್ತಿತು. ಮೂಗು ಸುರಿಯಿತು, ಸೀನು ಬಂತು, ಒಂದು ವಾರಕ್ಕೆ ಎಲ್ಲ ಇಳಿಯಿತು. ಕೆಮ್ಮು ಮಾತ್ರ ಉಳಿಯಿತು. ಮೆಣಸಿನ ಕಷಾಯ ಆಯಿತು, ದೊಡ್ಡಪತ್ರೆ ರಸ ಆಯಿತು. ಮತ್ತೆರಡು ವಾರ ಕಳೆಯುವಷ್ಟರಲ್ಲಿ ಕೆಮ್ಮಿನ ಜೊತೆಗೆ ಒಂದು ಸದ್ದು ಸೇರಿಕೊಂಡಿತು. ಬಾಗಿಲ ಸಂದಿಯಲ್ಲಿ ಗಾಳಿ ನುಗ್ಗಿದ ಹಾಗೆ ಸಣ್ಣ ಸಿಳ್ಳು.

“ಅತ್ತೆ, ನಿಮ್ಮ ಎದೇಲಿ ಏನೋ ಸದ್ದು ಬರ್ತೈತೆ” ಎಂದೆ.

“ಬರ್ಲಿ ಬಿಡೇ. ನೆಗಡಿ ಎದೆಗಿಳಿದೈತೆ, ತಾನಾಗೇ ಹೋಯ್ತದೆ.”

ನನಗೆ ಕುತೂಹಲ ತಡೆಯಲಿಲ್ಲ. ಹಿತ್ತಲ ಬಿಸಿಲಿನಲ್ಲಿ ಅವರು ಅಪರೂಪಕ್ಕೆ ಬೆನ್ನು ಕಾಯಿಸುತ್ತಾ ಕೂತಿದ್ದಾಗ, “ಒಂದ್ಸಲ ಕಿವಿ ಇಟ್ಟು ಕೇಳ್ಲಾ?” ಎಂದುಬಿಟ್ಟೆ. ಅವರು ನನ್ನನ್ನು ಹುಚ್ಚಿಯನ್ನು ನೋಡುವ ಹಾಗೆ ನೋಡಿದರು. ಆಮೇಲೆ ಏನನ್ನಿಸಿತೋ, ಸೆರಗು ಸರಿಸಿ ಬೆನ್ನು ಕೊಟ್ಟರು. ಕಿವಿ ಇಟ್ಟೆ. ಒಳಗೆ ಒಂದಲ್ಲ, ಹತ್ತಾರು ಸಿಳ್ಳು, ಒಂದೊಂದೂ ಒಂದೊಂದು ದನಿಯಲ್ಲಿ. ಉಸಿರು ಎಳೆದುಕೊಳ್ಳುವಾಗ ಅಷ್ಟಿಲ್ಲ. ಬಿಡುವಾಗಲೇ ಹೆಚ್ಚು, ಅದೂ ಬಿಟ್ಟಷ್ಟೂ ಮುಗಿಯದ ಹಾಗೆ ಉದ್ದಕ್ಕೆ. ಎಳೆಯುವ ಗಾಳಿಯೂ ಬಿಡುವ ಗಾಳಿಯೂ ಒಂದೇ ದಾರಿಯಲ್ಲಿ ತಾನೇ ಓಡಾಡುವುದು? ಮತ್ತೆ ಈ ಪಕ್ಷಪಾತ ಯಾಕೆ? ಅಡುಗೆ ಮಾಡುತ್ತಲೂ ಅದನ್ನೇ ಯೋಚಿಸುತ್ತಿದ್ದೆ.

ಗಂಡನಿಗೆ ಹೇಳಿದೆ. “ನೆಗಡಿಗೆಲ್ಲ ಡಾಕ್ಟ್ರ ಹತ್ರ ಹೋದ್ರೆ ಊರೋರು ನಗ್ತಾರೆ ಕಣೇ. ಅವ್ವಂಗೂ ಅದು ಹಿಡಿಸಲ್ಲ” ಎಂದರು.

ಒಂದು ಮುಂಜಾನೆ ಎದ್ದು ಬಂದರೆ ಅತ್ತೆ ಗೋಡೆಗೆ ಒರಗಿ, ತೊಡೆಯ ಮೇಲೆ ದಿಂಬಿಟ್ಟುಕೊಂಡು ಕೂತಿದ್ದರು. ಹಾಸಿಗೆ ಹಾಸಿದ ಹಾಗೇ ಇತ್ತು.

“ಕೂತ್ಕಂಡೇ ನಿದ್ದೆ ಮಾಡಿದ್ರಾ ಅತ್ತೆ?”

“ಮಲಗಿದ್ರೆ... ಉಸ್ರು... ಸಾಲಲ್ಲ.”

ಮೂರು ಮಾತಿಗೆ ಎರಡು ಕಡೆ ನಿಂತರು. ಉಸಿರು ಎಳೆದಾಗಲೆಲ್ಲ ಹೆಗಲು ಮೇಲೇಳುತ್ತಿತ್ತು, ಗಂಟಲ ಕೆಳಗಿನ ಕುಳಿ ಒಳಕ್ಕೆ ಇಳಿಯುತ್ತಿತ್ತು. ನಾನು ನೀರು ಕಾಯಿಸಲು ಒಳಗೆ ಹೋಗಿ ಬರುವಷ್ಟರಲ್ಲಿ ಅವರು ಅರಿಶಿನದ ಕೊಂಬನ್ನು ದೀಪಕ್ಕೆ ಹಿಡಿದು ಅದರ ಹೊಗೆಯನ್ನು ಮೂಗಿಗೆ ಎಳೆದುಕೊಂಡಿದ್ದರು. ನೆಗಡಿಗೆ ನಮ್ಮಲ್ಲಿ ಎಲ್ಲರೂ ಮಾಡುವುದೇ ಅದು. ಆದರೆ ಆ ಹೊಗೆ ಒಳಗೆ ಹೋದದ್ದೇ ತಡ, ಕೆಮ್ಮು ಒತ್ತರಿಸಿ ಬಂತು. ಕೆಮ್ಮು ನಿಂತ ಮೇಲೆ ಉಸಿರೇ ಸಿಗದೆ ಎರಡು ಕೈಯನ್ನೂ ನೆಲಕ್ಕೂರಿ ಮುಂದಕ್ಕೆ ಬಾಗಿದರು. ಮುಖ ಬೂದಿ ಬಣ್ಣವಾಯಿತು.

ನಾನು ಗಂಡನನ್ನು ಕೂಗಿದೆ. “ಮೂಗಿನ ನೆಗಡಿ ಹೋಗಿ ಎಷ್ಟೋ ದಿನ ಆಯ್ತು. ಇದು ನೆಗಡಿ ಅಲ್ಲ. ಒಂದು ಮಾತು ಪೂರ್ತಿ ಆಡಕ್ಕಾಗ್ತಿಲ್ಲ ಅವರಿಗೆ, ನೋಡಿ!” ಅವರು ನೋಡಿದರು. ತಕ್ಷಣ ಹೊರಗೆ ಹೋಗಿ, ತರೀಕೆರೆ ಕಡೆಗೆ ಹೊರಟಿದ್ದ ಪರಿಚಯದವರ ಕಾರನ್ನು ನಿಲ್ಲಿಸಿಕೊಂಡು ಬಂದರು. ಕಾರಿನಲ್ಲಿ ಜಾಗ ಸಾಲದೆ ಅತ್ತೆಯ ಜೊತೆ ನಾನೊಬ್ಬಳೇ ಹತ್ತಿದೆ.

ತರೀಕೆರೆಯ ಡಾಕ್ಟರು ವಯಸ್ಸಾದವರು, ಮಾತು ಕಡಿಮೆ. “ಏನಮ್ಮ ತೊಂದ್ರೆ, ನೀವೇ ಹೇಳಿ” ಎಂದು ಅತ್ತೆಯನ್ನು ಕೇಳಿ, ಅವರು ಹೇಳಿದ್ದಕ್ಕಿಂತ ಹೇಳುವ ರೀತಿಯನ್ನೇ ಗಮನಿಸುತ್ತಿದ್ದರು. ತಕ್ಷಣ ಒಂದು ಇಂಜೆಕ್ಷನ್ ಕೊಟ್ಟು, ಬೆಂಚಿನ ಮೇಲೆ ಒರಗಿಸಿ ಕೂರಿಸಿದರು. ನಾನು ಅತ್ತೆಯ ಹೆಗಲನ್ನೇ ನೋಡುತ್ತಾ ಕೂತೆ. ಬೇರೆ ಇಬ್ಬರು ಮೂವರು ರೋಗಿಗಳು ಬಂದು ಹೋಗುವಷ್ಟರಲ್ಲಿ ಆ ಹೆಗಲು ಮೆಲ್ಲಗೆ ತನ್ನ ಜಾಗಕ್ಕೆ ಇಳಿಯಿತು.

ಆಗ ಡಾಕ್ಟರು ಕೇಳಿದರು: “ಚಿಕ್ಕಂದಿನಲ್ಲಿ ಯಾವಾಗಾದ್ರೂ ಹೀಗಾಗಿತ್ತಾ?”

ಅತ್ತೆ ನನ್ನತ್ತ ನೋಡಿದರು. ನಾನು ಎದ್ದು ಹೊರಗೆ ಹೋಗಬೇಕೇನೋ ಅಂದುಕೊಳ್ಳುವಷ್ಟರಲ್ಲಿ ಅವರೇ ಹೇಳಿದರು: “ಆಗ್ತಿತ್ತು. ಹಿರೇನಲ್ಲೂರಲ್ಲಿ, ತವರು ಮನೇಲಿದ್ದಾಗ. ಗೂರ್ಲು ಅಂತಿದ್ರು. ಮದ್ವೆ ಗೊತ್ತಾದಾಗ ನಮ್ಮವ್ವ ತನ್ನ ತಲೆ ಮ್ಯಾಲೆ ಕೈ ಇಡಿಸ್ಕಂಡು ಆಣೆ ತಗಂಡ್ಳು, ಗಂಡನ ಮನೇಲಿ ಬಾಯ್ಬಿಡಬ್ಯಾಡ ಅಂತ. ನಮ್ಮ ಯಜಮಾನ್ರಿಗೂ ಗೊತ್ತಿರ್ಲಿಲ್ಲ.”

ಇಷ್ಟು ವರ್ಷ ನೆಗಡಿ ಬಂದಾಗಲೆಲ್ಲ ಈ ಹೆಂಗಸು ಕೊಟ್ಟಿಗೆಯ ಮರೆಗೆ ಹೋಗಿ ಏದುಸಿರು ತೀರಿಸಿಕೊಂಡು ಬರುತ್ತಿದ್ದರಂತೆ. ಡಾಕ್ಟರೆಂದರೆ ಅವರಿಗೆ ಸೂಜಿಯ ಭಯವಲ್ಲ, ಕಾಯಿಲೆಯ ಹೆಸರು ಹೊರಬೀಳುವ ಭಯ.

ಡಾಕ್ಟರು ನಗಲಿಲ್ಲ, ಬೈಯಲೂ ಇಲ್ಲ. “ಗೂರ್ಲು ಅಂದ್ರೆ ಆಸ್ತಮಾ. ಮುಚ್ಚಿಡೋ ಅಂಥದ್ದು ಇದ್ರಲ್ಲಿ ಏನೂ ಇಲ್ಲಮ್ಮ” ಎಂದರು. ನಾನು ಧೈರ್ಯ ಮಾಡಿ ನನ್ನ ಪ್ರಶ್ನೆ ಕೇಳಿದೆ: ಉಸಿರು ಬಿಡುವಾಗಲೇ ಯಾಕೆ ಸದ್ದು?

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. “ಶ್ವಾಸಕೋಶದೊಳಗೆ ಮರದ ಕೊಂಬೆ ಥರ ಕವಲೊಡೆದ ನಳಿಗೆಗಳಿರ್ತವೆ. ನಿಮ್ಮತ್ತೆಗೆ ಅವು ಊದ್ಕೊಂಡು ಬಿಗಿದುಕೊಂಡಿವೆ. ಗಾಳಿ ಎಳೆಯುವಾಗ ಎದೆ ಹಿಗ್ಗಿ ನಳಿಗೆಗಳೂ ಒಂದಿಷ್ಟು ತೆರ್ಕೋತವೆ. ಬಿಡುವಾಗ ಎದೆ ಕುಗ್ಗಿ ಅವು ಇನ್ನೂ ಕಿರಿದಾಗ್ತವೆ. ಅದಕ್ಕೇ.” ಹೀಗೆ ಹೇಳಿ ಸ್ಟೆತಾಸ್ಕೋಪನ್ನು ನನ್ನ ಕಿವಿಗೇ ಕೊಟ್ಟರು. ಹಿತ್ತಲಲ್ಲಿ ಕೇಳಿದ ಸಿಳ್ಳುಗಳು ಈಗ ಹತ್ತಿರದಲ್ಲಿದ್ದವು, ಆದರೆ ಎಷ್ಟೋ ಕಡಿಮೆಯಾಗಿದ್ದವು.

“ಸದ್ದು ಪೂರ್ತಿ ನಿಂತ್ರೆ ವಾಸಿಯಾಯ್ತು ಅಂತಾನಾ ಡಾಕ್ಟ್ರೆ?”

“ಉಸಿರಾಟ ಹಗುರಾಗಿ ಸದ್ದು ನಿಂತ್ರೆ ವಾಸಿ. ಆಯಾಸ ಹಾಗೇ ಇದ್ದು ಸದ್ದು ಮಾತ್ರ ನಿಂತ್ರೆ ಅದು ಇನ್ನೂ ಅಪಾಯ, ಗಾಳಿ ಓಡಾಡ್ತಾನೇ ಇಲ್ಲ ಅಂತ ಅರ್ಥ.” ಆ ಮಾತು ನನ್ನನ್ನು ಬೆಚ್ಚಿಬೀಳಿಸಿತು. ಅವರು ಮುಂದುವರಿಸಿದರು. ಬರೀ ಮೂಗು ಸೋರುವ ನೆಗಡಿಗೆ ಅವಸರ ಬೇಡ. ಹತ್ತು ಹದಿನೈದು ದಿನವಾದರೂ ಇಳಿಯದಿದ್ದರೆ, ಕಡಿಮೆಯಾಗಿ ಮತ್ತೆ ಜ್ವರ ಬಂದರೆ, ಸಿಳ್ಳಿನ ಸದ್ದು ಸೇರಿದರೆ ಬಂದು ತೋರಿಸಬೇಕು. ಮಲಗಲಾಗದಿದ್ದರೆ, ಮಾತು ನಡುವೆ ತುಂಡಾದರೆ, ತುಟಿ ನೀಲಿಗಟ್ಟಿದರೆ ನಾಳೆ ಅನ್ನಬಾರದು, ಆಗಲೇ ಹೊರಡಬೇಕು. ಹೊಗೆ, ದೂಳು ಎರಡೂ ಬೇಡ. ಇಷ್ಟು ಹೇಳಿ, ಮಾತ್ರೆ ಬರೆದುಕೊಟ್ಟರು.

ಊರಿಗೆ ಬಸ್ಸಿನಲ್ಲಿ ವಾಪಸಾಗುವಾಗ ಅತ್ತೆ ಕೇಳಿದರು: “ಅವ್ನಿಗೆ ಏನ್ ಹೇಳ್ತೀಯಾ?”

“ನಿಮ್ಮ ವಿಷಯ ಅತ್ತೆ. ನೀವೇ ಹೇಳಿ, ಇಲ್ಲಾಂದ್ರೆ ಬಿಡಿ.”

ಮನೆಗೆ ಬಂದು, ಚಪ್ಪಲಿ ಬಿಡುತ್ತಲೇ ಮಗನಿಗೆ ಹೇಳಿಬಿಟ್ಟರು. “ನಂಗೆ ಚಿಕ್ಕಂದಿಂದ ಗೂರ್ಲು ಐತೆ ಕಣೋ.”

ಮಗ ಅವರಿಗೆ ಕೂರಲು ಚಾಪೆ ಹಾಸಿದರು. “ಮೊದ್ಲೇ ಹೇಳೋದಲ್ವೇನವ್ವ? ಕಣಕ್ಕೆ ಕಳಿಸ್ತಾನೇ ಇರ್ಲಿಲ್ಲ” ಎಂದರು. ಅಷ್ಟೇ. ಅಷ್ಟು ವರ್ಷ ಕಾಪಾಡಿದ ಗುಟ್ಟಿಗೆ ಇಷ್ಟೇ ಉತ್ತರವೇ ಎಂದು ಅತ್ತೆಗೆ ಸ್ವಲ್ಪ ನಿರಾಸೆಯೇ ಆದಂತಿತ್ತು.

ವಾರ ಬಿಟ್ಟು ಮತ್ತೆ ತೋರಿಸಲು ಹೋದೆವು. ಡಾಕ್ಟರು ಎದೆಯ ಸದ್ದು ಕೇಳಿ, ತಲೆಯಾಡಿಸಿ, ಮಾತ್ರೆ ಮುಂದುವರಿಸಲು ಹೇಳಿ ಕಳಿಸಿದರು. ಇನ್ನೂ ಮಧ್ಯಾಹ್ನವಾಗಿರಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಅಮೃತಾಪುರದ ಬಸ್ಸು ನಿಂತಿತ್ತು. “ಹತ್ತೇ, ದೇವಸ್ಥಾನ ನೋಡ್ಕಂಡು ಹೋಗನ” ಎಂದರು ಅತ್ತೆ. ಅಲ್ಲಿ ಕಲ್ಲಿನ ಗೋಡೆಯ ಗುಂಟ ನಿಧಾನಕ್ಕೆ ಸುತ್ತು ಬರುತ್ತಾ, ತಾನು ಹುಡುಗಿಯಾಗಿದ್ದಾಗ ಓಡುವ ಆಟ ಬಿಟ್ಟು ಕೂತು ಅಳಗುಳಿಮಣೆ ಆಡಿ ಎಲ್ಲರನ್ನೂ ಸೋಲಿಸುತ್ತಿದ್ದ ಕಥೆ ಹೇಳಿದರು. ನಾನು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿದೆ. ಒಂದಕ್ಕೂ ಅವರು ಬೇಸರ ಮಾಡಿಕೊಳ್ಳಲಿಲ್ಲ.