ದಡದಮ್ಮನ ಅಕ್ಕನ ಕೆರೆ

ಕೆರೆಗಳ ಕಚೇರಿಯಲ್ಲಿ ಆಕೆಯನ್ನು ದಡದಮ್ಮ ಎಂದೇ ಕರೆಯುತ್ತಿದ್ದರು. ಕೆರೆಯ ಆರೋಗ್ಯ ನೋಡಿ ಬರುವುದಕ್ಕೆ ಮೂವರ ತಂಡ. ನೀರು ನೋಡುವವರು ಒಬ್ಬರು, ಮಣ್ಣು ನೋಡುವವನು ಒಬ್ಬ. ದಡದ ಗಿಡ, ಹುಲ್ಲು, ಜೊಂಡು ನೋಡುವುದು ಈಕೆಯ ಪಾಲಿಗೆ ಬಂದ ಕೆಲಸ. ನೀರಿನವರು ಮೂವರಲ್ಲಿ ಹಿರಿಯರು, ಮಾತು ಕಡಿಮೆ, ಎಲ್ಲರ ಬಾಯಲ್ಲೂ ಯಜಮಾನರು. ಮಣ್ಣಿನವನ ಕೈಯಲ್ಲಿ ಸದಾ ಒಂದು ಉದ್ದನೆಯ ಬೈರಿಗೆ. ಅದನ್ನು ತಿರುಗಿಸುತ್ತಾ ನೆಲಕ್ಕಿಳಿಸಿ, ಒಳಗಿನ ಮಣ್ಣನ್ನು ಮೇಲೆತ್ತಿ, ಮೂಸಿ, ಬೆರಳಲ್ಲಿ ತೀಡಿ ನೋಡುವನು. ಅವನಿಗೆ ಬೈರಿಗೆ ಎಂದೇ ಹೆಸರು ಬಿದ್ದಿತ್ತು. ಮಾತಿನಲ್ಲೂ ಅವನು ಹಾಗೆಯೇ, ಹಿಡಿದರೆ ತಳ ಕಾಣುವವರೆಗೆ ಬಿಡುವವನಲ್ಲ.

ಅವರ ಕೆಲಸಕ್ಕೆ ಒಂದು ಕ್ರಮವಿತ್ತು. ಮೂವರೂ ಕೂಡಿ ಕೆರೆಯ ಅಂಚು ಹಿಡಿದು ಒಂದು ಸುತ್ತು ನಡೆಯಬೇಕು. ನಡೆಯುವಾಗ ಕಂಡದ್ದನ್ನು ಹೇಳಬಹುದು, ತೀರ್ಪು ಮಾತ್ರ ಬಾಯಿಗೆ ಬರಬಾರದು. ಸುತ್ತು ಮುಗಿದು, ನೆರಳಲ್ಲಿ ಕೂತು, ಯಜಮಾನರು ಚಹಾದ ಫ್ಲಾಸ್ಕಿನ ಮುಚ್ಚಳ ತಿರುಗಿಸಿದ ಮೇಲೆಯೇ ಅದು. ಮೂವರದೂ ಒಂದೇ ಮಾತಾಗಬೇಕು. ಇಬ್ಬರು ಹೀಗೆ, ಒಬ್ಬರು ಹಾಗೆ ಎಂದರೆ ಕಚೇರಿ ತೆಗೆದುಕೊಳ್ಳುತ್ತಿರಲಿಲ್ಲ. ಕೆರೆ ಗಟ್ಟಿಯಾಗಿದೆ, ಕೆರೆ ಕುಂದಿದೆ, ಕೆರೆ ಸತ್ತಿದೆ, ಇಷ್ಟರಲ್ಲಿ ಒಂದು. ಕುಂದಿದೆ ಎಂದರೆ, ಚೇತರಿಸಿಕೊಳ್ಳುತ್ತಿದೆಯೋ ಇಲ್ಲ ಇಳಿಯುತ್ತಲೇ ಇದೆಯೋ, ಅದನ್ನೂ ಹೇಳಬೇಕು.

ಗಟ್ಟಿ ಎಂದರೆ ಕಲ್ಲಿನಂತೆ ಗಟ್ಟಿ ಎಂದಲ್ಲ. ಬೇರು ಅಪ್ಪಿ ಹಿಡಿದ ಮಣ್ಣು, ನೀರು ಏರಿದಾಗ ಮುಳುಗಿ ಇಳಿದಾಗ ಎದ್ದು ಬರುವ ಒದ್ದೆ ಅಂಚು, ಮುದಿ ಜೊಂಡಿನ ಬುಡದಲ್ಲಿ ಎಳೆಯ ಜೊಂಡು. ದಡದಮ್ಮ ಮೊದಲು ಹುಡುಕುತ್ತಿದ್ದದ್ದು ಆ ಎಳೆಯದನ್ನೇ. ಬರೀ ಮುದಿ ಜೊಂಡು ನಿಂತ ದಡ ಆಕೆಗೆ ಮಕ್ಕಳ ಗಲಾಟೆಯಿಲ್ಲದ ಬೀದಿಯಂತೆ ಕಾಣುತ್ತಿತ್ತು.

ಜೊಂಡಿನ ಮೇಲೆ ಆಕೆಗೆ ಕಣ್ಣು ನಿಂತದ್ದು ಓದಿನಿಂದಲ್ಲ. ಅವ್ವ ಹೋದಾಗ ಆಕೆ ಇನ್ನೂ ತೊಟ್ಟಿಲು ಬಿಟ್ಟಿರಲಿಲ್ಲ. ಸಾಕಿದವಳು ಅಕ್ಕ. ಊರಂಚಿನ ಕೆರೆಯ ದಡದಲ್ಲಿ ಎರಡು ಕೋಣೆಯ ಮನೆ. ಅಕ್ಕ ಜೊಂಡು ಕೊಯ್ದು, ಒಣಗಿಸಿ, ಚಾಪೆ ಹೆಣೆದು ತಂಗಿಯನ್ನು ಓದಿಸಿದಳು. ಒಂದು ಕಡೆ ಕೊಯ್ದರೆ ಆ ಕಡೆ ಮತ್ತೆ ಚಿಗುರಿ ಎದೆಮಟ್ಟ ಬರುವವರೆಗೆ ಕುಡುಗೋಲು ತಾಗಿಸುತ್ತಿರಲಿಲ್ಲ. ತಂಗಿ ನಡೆಯಲು ಕಲಿತದ್ದೇ ಆ ಕೆಸರಲ್ಲಿ. ಮುಂದೆ ಆಕೆಗೆ ಕೆರೆಗಳ ಕಚೇರಿಯಲ್ಲೇ ಕೆಲಸ ಸಿಕ್ಕಾಗ ಅಕ್ಕ ನಕ್ಕುಬಿಟ್ಟಿದ್ದಳು. ಕೆಸರಿಂದ ಎತ್ತಿ ಕಳಿಸಿದರೆ ತಿರುಗಿ ಕೆಸರಿಗೇ ಬಂದೆಯಲ್ಲೇ ಎಂದಿದ್ದಳು.

ಕೆರೆಗೆ ಕೇಡು ಬಂದದ್ದು ಮೇಲಿನ ಬೀದಿಯಿಂದ. ಅಲ್ಲಿ ಬಟ್ಟೆಗೆ ಬಣ್ಣ ಹಾಕುವ ಶೆಡ್ಡುಗಳು ಎದ್ದವು. ಅವರ ಮೋರಿ ಕೆರೆಯ ಒಂದು ಮೂಲೆಗೆ ಬಂದು ಬಿತ್ತು. ಒಂದು ದಿನ ನೀಲಿ, ಒಂದು ದಿನ ಕೆಂಪು. ಆ ಮೂಲೆಯ ಜೊಂಡು ಮಡಚಿದರೆ ಚಟ್ಟೆಂದು ಮುರಿಯತೊಡಗಿತು. ಅಕ್ಕನ ಕೈ ಬೆರಳ ಸಂದಿಯಲ್ಲಿ ಸಿಪ್ಪೆ ಏಳತೊಡಗಿತು. ಮೋರಿ ಹೀಗೇ ಹರಿದರೆ ಕೆರೆ ಪೂರ್ತಿ ಹೋಗುತ್ತದೆ, ಕೆರೆ ಹೋದರೆ ಅಕ್ಕನ ಅನ್ನ ಹೋಗುತ್ತದೆ. ದಡದಮ್ಮ ಮೋರಿ ಮುಚ್ಚಿಸಿ ಎಂದು ಕಚೇರಿಯ ಮೇಲಿನವರನ್ನು ಬೇಡಿದಳು. ತಂಡ ನೋಡಿ ಹೇಳಲಿ, ಆಮೇಲೆ ನೋಡೋಣ ಎಂದರು.

ತಂಡ ಹೋಯಿತು. ಮೋರಿಯ ಮೂಲೆ ಹಾಳಾಗಿದ್ದದ್ದು ನಿಜ. ಆದರೆ ಉಳಿದ ಕಡೆ, ಹಿಂದೆ ಎಮ್ಮೆ ಇಳಿದು ಬೋಳಾಗಿದ್ದ ಅಂಚಿನಲ್ಲೂ ಎಳೆಯ ಜೊಂಡು ಎದ್ದಿತ್ತು. ದಡದಮ್ಮನ ಕಣ್ಣಿಗೆ ಅದು ಮೊದಲೇ ಬಿತ್ತು. ಬೈರಿಗೆ ಎತ್ತಿದ ಬೂದು ಮಣ್ಣಿನಲ್ಲಿ ಬೇರಿನ ಗುಂಟ ತುಕ್ಕಿನ ಬಣ್ಣದ ಗೆರೆಗಳಿದ್ದವು. ನೀರು ಸರಿಯಾಗಿ ಏರಿ ಇಳಿಯುತ್ತಿದೆ, ಬೇರು ಉಸಿರಾಡುತ್ತಿದೆ ಎನ್ನುವುದಕ್ಕೆ ಅದೇ ಗುರುತು. ಯಜಮಾನರು ಫ್ಲಾಸ್ಕು ತೆಗೆದರು.

"ಕುಂದಿದೆ, ಆದ್ರೆ ಚೇತರಿಸಿಕೊಳ್ತಿದೆ," ಎಂದ ಬೈರಿಗೆ. "ಆ ಮೂಲೆ ಒಂದು ಬಿಟ್ರೆ."

"ಚೇತರಿಸಿಕೊಳ್ತಿದೆ ಅಂದ್ರೆ ಯಾರೂ ಈ ಕಡೆ ತಲೆ ಹಾಕಲ್ಲ," ಎಂದಳು ದಡದಮ್ಮ. "ಇಳೀತಿದೆ ಅಂದ್ರೆ ಇಂಜಿನಿಯರ್ ಬರ್ತಾರೆ. ಮೋರಿ ನಿಲ್ಲಿಸ್ತಾರೆ."

"ನಾವು ಇರೋದನ್ನ ಹೇಳೋಕೆ ಬಂದಿದ್ದೀವಾ, ಬೇಕಾದ್ದನ್ನ ಕೇಳೋಕೆ ಬಂದಿದ್ದೀವಾ?"

"ಮೋರಿ ಇಲ್ವಾ ಹಾಗಾದ್ರೆ?"

"ಇದೆ. ಆದ್ರೆ ಅಕ್ಕನ ಕೆರೆ ಅಂತ ಇಲ್ಲದ ಕಾಯಿಲೆ ಹಚ್ತಿದ್ದೀರಲ್ಲಮ್ಮ. ಬೇರೆಯವರದಾಗಿದ್ರೆ ಹಚ್ತಿದ್ರಾ?"

ಯಜಮಾನರು ಲೋಟಕ್ಕೆ ಚಹಾ ಬಗ್ಗಿಸುತ್ತಾ, ಮೋರಿಯಿಂದ ಮುಂದೆ ಇಳಿಯುವುದಂತೂ ಖಂಡಿತ, ಒಂದು ವರ್ಷ ಮೊದಲೇ ಹೇಳಿದರೆ ಯಾರ ಗಂಟು ಹೋಗುತ್ತದೆ ಎಂದರು. ಬೈರಿಗೆ ತನ್ನ ಬೈರಿಗೆಯನ್ನು ಬಟ್ಟೆಯಲ್ಲಿ ಒರೆಸುತ್ತಲೇ ಕೂತ. ಮಣ್ಣು ಹೋದ ಮೇಲೂ ಒರೆಸಿದ.

"ಆಯ್ತು, ಇಳೀತಿದೆ," ಎಂದ. "ನನ್ನ ಬಾಯಿಂದ ಬಂತು ಅಷ್ಟೇ, ಮನಸ್ಸಿಂದ ಅಲ್ಲ."

ದಡದಮ್ಮ ನೇರ ಅಕ್ಕನ ಮನೆಗೆ ಹೋಗಿ, ಇನ್ನು ಮೋರಿ ಮುಚ್ಚುತ್ತಾರೆ ಎಂದಳು. ಅಕ್ಕ ಎಂದೂ ಬಾಯಿಬಿಟ್ಟು ಹೊಗಳಿದವಳಲ್ಲ. ಒಳಗೆ ಹೋಗಿ, ಆಗಷ್ಟೇ ಅಂಚು ಕಟ್ಟಿ ಮುಗಿಸಿದ್ದ ಅಗಲದ ಚಾಪೆಯನ್ನು ಸುರುಳಿ ಸುತ್ತಿ ತಂದು ತಂಗಿಯ ಕಂಕುಳಿಗೆ ತುರುಕಿದಳು.

ಇಂಜಿನಿಯರ್ ಬಂದದ್ದು ನಿಜ. ಆದರೆ ಮೋರಿಯ ಕಡೆ ಕತ್ತು ಕೂಡ ತಿರುಗಿಸಲಿಲ್ಲ. ಇಳಿಯುತ್ತಿರುವ ಕೆರೆಗಳಿಗೆಲ್ಲ ಕಚೇರಿ ಆ ವರ್ಷ ಒಂದೇ ಔಷಧಿ ಇಟ್ಟುಕೊಂಡಿತ್ತು: ಅಂಚನ್ನು ಯಂತ್ರದಲ್ಲಿ ಬಾಚಿ, ಸುತ್ತ ಕಲ್ಲು ಕಟ್ಟಿ, ಮೇಲೆ ಜನ ಅಡ್ಡಾಡುವುದಕ್ಕೆ ದಾರಿ ಮಾಡುವುದು. ಸುದ್ದಿ ತಿಳಿದದ್ದೇ ದಡದಮ್ಮ ಅಧಿಕಾರಿಯ ಕೋಣೆಗೆ ಓಡಿದಳು. ಅವರು ಒಳ್ಳೆಯ ಮಾತಿನವರು. ಕುರ್ಚಿ ತೋರಿಸಿದರು, ನೀರು ತರಿಸಿದರು.

"ನೀವೇ ತಾನೇ ಇಳೀತಿದೆ ಅಂದಿದ್ದು? ಅದಕ್ಕೇ ಕಲ್ಲು ಹಾಕಿಸ್ತಿದ್ದೀವಿ."

"ಇಳೀತಿರಲಿಲ್ಲ ಸಾರ್. ಚೇತರಿಸಿಕೊಳ್ತಿತ್ತು. ಮೋರಿ ಒಂದು ನಿಲ್ಲಿಸಿದ್ರೆ ಸಾಕಿತ್ತು."

ಅಧಿಕಾರಿ ಕುರ್ಚಿಯನ್ನು ಮುಂದಕ್ಕೆಳೆದುಕೊಂಡರು. "ಹಾಗಾದ್ರೆ ಮೂರೂ ಜನ ಸೇರಿ ಸುಳ್ಳು ಹೇಳಿದ್ರಿ ಅಂತಾಯ್ತು. ಯಜಮಾನರನ್ನೂ ಕರೆಸಲಾ?"

ಯಜಮಾನರು ನಿವೃತ್ತಿಯ ಅಂಚಿಗೆ ಬಂದಿದ್ದರು. ಬೈರಿಗೆ ಒಲ್ಲೆ ಒಲ್ಲೆ ಎನ್ನುತ್ತಲೇ ಆಕೆಗಾಗಿ ಹೂಂ ಅಂದಿದ್ದ. ಬೇಡ ಸಾರ್ ಎಂದು ದಡದಮ್ಮ ಎದ್ದು ಬಂದಳು. ತಂದಿಟ್ಟ ನೀರು ಹಾಗೇ ಉಳಿಯಿತು.

ಯಂತ್ರ ಬಂದ ದಿನ ಅಕ್ಕ ಬಾಗಿಲಲ್ಲಿ ನಿಂತಿದ್ದಳು, ಪಕ್ಕದಲ್ಲಿ ತಂಗಿ. ಅದರ ಉಕ್ಕಿನ ಕೈ ಜೊಂಡನ್ನು ಬೇರುಸಹಿತ ಎತ್ತಿ ಎತ್ತಿ ರಾಶಿ ಹಾಕಿತು. ಮುದಿ ಜೊಂಡು, ಎಳೆ ಜೊಂಡು, ಅದರೊಳಗೆ ಕಪ್ಪೆ, ಒಡೆದ ಮೊಟ್ಟೆ. ಅಕ್ಕ ರಾಶಿಯಿಂದ ಆದಷ್ಟು ಎಳೆದು ತಂದು ಅಂಗಳದಲ್ಲಿ ಹರಡಿದಳು. ಕೆಸರು ಮೆತ್ತಿದ ಜೊಂಡು ಒಣಗಲಿಲ್ಲ, ಕೊಳೆಯಿತು. ಆಗಲೇ ತಂಗಿ ಕೂತು ನಡೆದದ್ದನ್ನೆಲ್ಲ ಹೇಳಿಕೊಂಡಳು. ಇಳಿಯದ ಕೆರೆಯನ್ನು ಇಳಿಯುತ್ತಿದೆ ಎಂದದ್ದು ತಾನೇ, ನಿನಗಾಗಿ ಎಂದಳು. ಅಕ್ಕ ಎದ್ದು ಹೋಗಿ ಒಲೆಯ ಮೇಲಿನ ಪಾತ್ರೆ ಇಳಿಸಿದಳು.

ಮೋರಿಯನ್ನು ಮುಚ್ಚಲಿಲ್ಲ. ದಾರಿಯ ಕೆಳಗೆ ಕೊಳವೆ ಹಾಕಿ ಒಳಗಿಂದೊಳಗೇ ಕೆರೆಗೆ ಬಿಟ್ಟರು, ಅಡ್ಡಾಡುವವರ ಕಣ್ಣಿಗೆ ಬೀಳದ ಹಾಗೆ. ಅಕ್ಕನಿಗೆ ಗುತ್ತಿಗೆದಾರ ಒಂದು ಉದ್ದ ಹಿಡಿಯ ಪೊರಕೆ ಕೊಟ್ಟು ದಾರಿ ಗುಡಿಸುವ ಕೆಲಸಕ್ಕೆ ಇಟ್ಟುಕೊಂಡ.

ಮರುವರ್ಷ ತಂಡ ಮತ್ತೆ ಸುತ್ತಿಗೆ ಬಂತು. ಯಜಮಾನರಿಗೆ ಅದೇ ಕೊನೆಯ ಸುತ್ತು. ಕೆಸರಿಲ್ಲದ್ದರಿಂದ ಬೂಟಿಗೆ ಏನೂ ಅಂಟಲಿಲ್ಲ. ಮಣ್ಣಿನವನಿಗೆ ಬೈರಿಗೆ ಇಳಿಸಲು ಜಾಗವೇ ಇಲ್ಲ. ಒಂದೆರಡು ಕಡೆ ಕಲ್ಲಿಗೆ ತಾಗಿಸಿ ಠಣ್ ಅನ್ನಿಸಿ, ಹೆಗಲ ಮೇಲೆ ಹೊತ್ತುಕೊಂಡು ನಡೆದ. ಕಲ್ಲಿನ ಮೈಗೆ ಚಹಾ ಲೋಟದ ಕರೆಯ ಹಾಗೆ ನೀಲಿ ಗೆರೆಗಳು ಕಟ್ಟಿದ್ದವು. ಒಂದು ಕೊಕ್ಕರೆ ಕಟ್ಟೆಯ ಮೇಲೆ ನಿಂತು ಕಾಲಿಡಲು ಜಾಗ ಹುಡುಕುತ್ತಿತ್ತು. ದಡದಮ್ಮ ಬಗ್ಗಿ ನೋಡಬೇಕಾದ ಒಂದು ಎಲೆಯೂ ಅಲ್ಲಿರಲಿಲ್ಲ. ಆದರೂ ಅಭ್ಯಾಸಬಲದಿಂದ ಬಗ್ಗಿಕೊಂಡೇ ನಡೆದಳು.

ದಾರಿಯ ತಿರುವಿನಲ್ಲಿ ಅಕ್ಕ ಗುಡಿಸುತ್ತಿದ್ದಳು. ದಡದಮ್ಮ ನಿಂತಳು. ಕೆರೆ ಸತ್ತಿದೆ ಎಂದರೆ ಈ ದಾರಿಯನ್ನೂ ಮುಚ್ಚಿ, ಅಕ್ಕನ ಪೊರಕೆಯನ್ನೂ ಕಿತ್ತುಕೊಂಡಾರು ಎನ್ನುವುದು ಆಕೆಯ ಭಯ. ಅದನ್ನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅಕ್ಕನೇ ಮಾತಾಡಿದಳು. ಪೊರಕೆ ನಿಲ್ಲಿಸಲಿಲ್ಲ.

"ನೋಡು ಪುಟ್ಟಿ, ನನಗೋಸ್ಕರ ಅಂತ ಈ ಸಲ ಏನೂ ಹೇಳ್ಬೇಡ. ಹೋದ ಸಲ ನನಗೋಸ್ಕರನೇ ಹೇಳಿದ್ದೆ."

ನೆರಳಿಗೆ ಮರವಿರಲಿಲ್ಲ. ಸಿಮೆಂಟಿನ ಬೆಂಚಿನ ಮೇಲೆ ಸಾಲಾಗಿ ಕೂತರು. ಮುಚ್ಚಳ ತಿರುಗಿದ್ದೇ ದಡದಮ್ಮ ಯಾರಿಗೂ ಕಾಯದೆ, ಸತ್ತಿದೆ ಎಂದಳು. ಯಜಮಾನರು ತಲೆಯಾಡಿಸಿದರು.

"ಸತ್ತಿದೆ," ಎಂದ ಬೈರಿಗೆ. "ಈ ಸಲ ಮನಸ್ಸಿಂದಾನೂ ಬಂತು."

ಆ ಮಾತಿನಿಂದ ಆದದ್ದು ಇಷ್ಟು. ಸತ್ತ ಕೆರೆಯ ಜವಾಬ್ದಾರಿ ಕಚೇರಿಗಿಲ್ಲ. ಇನ್ನು ಮುಂದೆ ಯಾವ ತಂಡವೂ ಅಲ್ಲಿಗೆ ಹೋಗಬೇಕಾಗಿಲ್ಲ ಎಂದಾಯಿತು. ದಾರಿಯನ್ನು ಉದ್ಯಾನ ಇಲಾಖೆಯವರು ವಹಿಸಿಕೊಂಡರು. ಯಾರೂ ಕೇಳುವವರಿಲ್ಲ ಎಂದು ಮೇಲಿನ ಬೀದಿಯಲ್ಲಿ ಇನ್ನಷ್ಟು ಶೆಡ್ಡುಗಳೆದ್ದವು. ಅಕ್ಕನ ಪೊರಕೆ ಉಳಿಯಿತು. ಸುಳ್ಳಿಗೆ ಓಡಿ ಬಂದಿದ್ದ ಯಂತ್ರ, ನಿಜ ಹೇಳಿದಾಗ ಬರಲಿಲ್ಲ.

ದಡದಮ್ಮನಿಗೂ ಈಗ ನಿವೃತ್ತಿಯಾಗಿದೆ, ಮಂಡಿ ಬಗ್ಗುವುದಿಲ್ಲ. ಅಕ್ಕ ಕೊಟ್ಟ ಚಾಪೆ ಆಕೆಯ ಮನೆಯ ಕಪಾಟಿನ ಮೇಲೆ ಸುರುಳಿಯಾಗಿಯೇ ಇದೆ. ಹಾಸಲು ಕೈ ಬರುವುದಿಲ್ಲ, ಯಾರಿಗಾದರೂ ಕೊಡಲು ಮನಸ್ಸು ಬರುವುದಿಲ್ಲ. ಆಗಾಗ ಅಕ್ಕನ ಮನೆಗೆ ಹೋಗುತ್ತಾಳೆ. ಅಕ್ಕ ಕಿಟಕಿ ಮುಚ್ಚಿ, ನಾತ ಒಳಗೆ ಬಾರದಂತೆ ಸಂದಿಗೆ ಬಟ್ಟೆ ತುರುಕಿ, ಅಂಗಡಿಯಿಂದ ತಂದ ಪ್ಲಾಸ್ಟಿಕ್ ಚಾಪೆಯನ್ನು ಕೊಡವಿ ಹಾಸುತ್ತಾಳೆ.

"ಕೂತ್ಕೋ," ಎನ್ನುತ್ತಾಳೆ. "ಇದು ನೆನೆಯಲ್ಲ, ಕೊಳೆಯಲ್ಲ, ಚಿಗುರೋದಂತೂ ಇಲ್ಲ. ನಿಮ್ಮ ಕಚೇರಿಯವರು ನೋಡಿದ್ರೆ ಗಟ್ಟಿ ಅಂತಾರೆ."

ದಡದಮ್ಮ ಕಷ್ಟಪಟ್ಟು ಮಂಡಿ ಮಡಚಿ ಅದರ ಮೇಲೆ ಕೂರುತ್ತಾಳೆ.