ಬೋಲ್ಟಿನ ಹಿಂದೆ ಬಳಿದ ಬಣ್ಣ

ಕಾರು ಓಡಿಸುವುದನ್ನು ನಾನು ಕಲಿತದ್ದು ನಲವತ್ತು ದಾಟಿದ ಮೇಲೆ. ಕೊಪ್ಪದಿಂದ ನರಸಿಂಹರಾಜಪುರದ ಹೈಸ್ಕೂಲಿಗೆ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ ಬಂದು ಸಾಕಾಗಿತ್ತು. ಎರಡು ಸಾವಿರದ ಇಸವಿ ಕಳೆದು ನಾಲ್ಕೈದು ವರ್ಷವಾಗಿದ್ದಾಗ, ನನ್ನ ಸಂಬಳದಲ್ಲೇ ಒಂದು ಹಳೆಯ ಕಾರು ಕೊಂಡೆ. “ವಿಜ್ಞಾನದ ಟೀಚರ್ ಆದ್ರೆ ಮೆಕ್ಯಾನಿಕ್ ಆದ ಹಾಗಲ್ಲ ಮಾರಾಯ್ತಿ” ಎಂದರು ನನ್ನ ಗಂಡ. ನಾನು ಕಾರು ಒರೆಸಲು ಹೊರಗೆ ಹೋದೆ. ಅಲ್ಲೇ ನಿಂತಿದ್ದರೆ ಜಗಳವಾಗುತ್ತಿತ್ತು, ನನ್ನ ಬಾಯಿ ಅಂಥದ್ದು.

ತುಕ್ಕು ಹಿಡಿಯದಿರಲಿ ಎಂದು ಮಳೆಗಾಲಕ್ಕೆ ಮೊದಲೇ ಗಾಡಿಯ ಅಡಿಗೆ ಕರಿ ಬಣ್ಣ ಬಳಿಯುವುದು ನಮ್ಮ ಕಡೆಯ ರೂಢಿ. ಆ ವರ್ಷದ ಬೇಸಿಗೆ ರಜೆಯಲ್ಲಿ ನಾನೇ ಡಬ್ಬಿ ತಂದು ಬಳಿದೆ. ಅಡಿಗಷ್ಟೇ ಅಲ್ಲ, ಬಾನೆಟ್ ಎತ್ತಿ ಒಳಗೂ ಬಳಿದೆ. ಅಡ್ಡ ಬಂದ ಬೋಲ್ಟುಗಳನ್ನು ಬಿಚ್ಚಿ, ಅವುಗಳ ಹಿಂದೆಯೂ ಬಳಿದು, ಒಣಗಿದ ಮೇಲೆ ಬಿಗಿದೆ. ಇಷ್ಟು ಅಚ್ಚುಕಟ್ಟು ಯಾವ ಗ್ಯಾರೇಜಿನಲ್ಲೂ ಇಲ್ಲ ಎಂದು ಅಕ್ಕಪಕ್ಕದವರನ್ನೆಲ್ಲ ಕರೆದು ತೋರಿಸಿದ್ದೆ.

ಜೂನ್ ಬಂತು, ಹೆಡ್‌ಲೈಟ್ ಮಂಕಾಯಿತು. ಒಂದು ಬೆಳಿಗ್ಗೆ ಮಂಜಿನಲ್ಲಿ ಎದುರಿನ ಬಸ್ಸಿನವನಿಗೆ ನಾನು ಕಾಣಿಸಲೇ ಇಲ್ಲ. ಕಾರನ್ನು ಚರಂಡಿಗೆ ಇಳಿಸಿ ಬಚಾವಾದೆ. ಪೇಟೆಯ ಮೆಕ್ಯಾನಿಕ್ ಬಲ್ಬು ಬದಲಿಸಿದ, ಆಮೇಲೆ ಬ್ಯಾಟರಿಯನ್ನೂ ಬದಲಿಸಿದ. ಬೆಳಕು ಮಾತ್ರ ಹಾಗೆಯೇ ಇತ್ತು. ನಾಲ್ಕು ಜನರ ಎದುರೇ ಅವನ ಮೇಲೆ ರೇಗಿದೆ. “ಇನ್ನೆಂತ ನೋಡೂದು ಅಂತ ನಂಗೂ ಗೊತ್ತಾಗ್ತಿಲ್ಲ ಮೇಡಂ” ಎಂದು ಅವನು ಕೈ ಒರೆಸಿಕೊಂಡ.

ಗಂಡ ಶೃಂಗೇರಿಯ ಲಾಡ್ಜಿನವರೊಬ್ಬರಿಗೆ ಮಾರಾಟಕ್ಕೆ ಕಾರು ತೋರಿಸುವುದಾಗಿ ಹೇಳಿಬಿಟ್ಟರು. ಅವರು ಭಾನುವಾರ ಬರುವವರಿದ್ದರು. “ಈ ಬೆಳಕಲ್ಲಿ ನಿನ್ನ ಕಳ್ಸಿ ನಂಗೆ ಮನೇಲಿ ಕೂರೂಕಾಗಲ್ಲ” ಎಂದರು ಗಂಡ. ಅವರ ಭಯ ಸುಳ್ಳಲ್ಲ. ಅಷ್ಟರೊಳಗೆ ಸರಿಯಾಗದಿದ್ದರೆ ಮಾರೋಣ ಎಂದು ಒಪ್ಪಿಕೊಂಡೆ. ಅಂದರೆ ಮತ್ತೆ ಬಸ್ಸಿನ ಕಂಬಿ ಹಿಡಿಯಬೇಕು.

ಶುಕ್ರವಾರ ಹತ್ತನೇ ತರಗತಿಗೆ ವಿದ್ಯುತ್ ಮಂಡಲದ ಪಾಠವಿತ್ತು. ಬೋರ್ಡಿನ ಮೇಲೆ ಸೆಲ್ಲಿನಿಂದ ಬಲ್ಬಿಗೆ ಒಂದು ಗೆರೆ ಎಳೆದು, ಬಲ್ಬಿನಿಂದ ಸೆಲ್ಲಿಗೆ ಇನ್ನೊಂದನ್ನು ಎಳೆಯುವಾಗ ಸೀಮೆಸುಣ್ಣ ಅರ್ಧದಲ್ಲೇ ನಿಂತಿತು. ಇಷ್ಟು ದಿನ ಕರೆಂಟು ಹೋಗುವ ದಾರಿಯನ್ನಷ್ಟೇ ನೋಡಿದ್ದೆವು. ವಾಪಸು ಬರುವ ದಾರಿಯನ್ನು ಯಾರೂ ನೋಡಿರಲಿಲ್ಲ. ಕಾರಿನಲ್ಲಿ ಅದು ಬಾಡಿಯ ಕಬ್ಬಿಣದ ಮೂಲಕವೇ ಬರಬೇಕು.

ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬಂದವಳೇ ಶೆಡ್ಡಿನಲ್ಲಿ ಹೆಡ್‌ಲೈಟ್ ಹಾಕಿ ಬಾನೆಟ್ ಎತ್ತಿದೆ. ಬ್ಯಾಟರಿಯ ನೆಗೆಟಿವ್‌ನಿಂದ ಒಂದು ಬಿಡಿ ವಯರನ್ನು ದೀಪದಿಂದ ಬಾಡಿಯ ಕಬ್ಬಿಣಕ್ಕೆ ಹೋಗುವ ಅರ್ಥಿಂಗ್ ವಯರಿಗೆ ತಾಗಿಸಿದೆ. ಎದುರಿನ ಗೋಡೆ ಒಮ್ಮೆಲೇ ಬೆಳ್ಳಗಾಯಿತು. ವಯರು ತೆಗೆದರೆ ಮತ್ತೆ ಮಂಕು. ಅರ್ಥಿಂಗ್ ವಯರಿನ ಗುಂಟ ಬೆರಳಾಡಿಸುತ್ತಾ ಹೋದೆ. ಅದನ್ನು ಕಬ್ಬಿಣಕ್ಕೆ ಬಿಗಿದಿದ್ದ ಬೋಲ್ಟು ಬಿಚ್ಚಿದರೆ ಹಿಂದೆ ಕರಿ ಬಣ್ಣ, ಒಂದು ಚೂರೂ ಬಿಡದೆ ನಾನೇ ಬಳಿದದ್ದು. ಕಬ್ಬಿಣಕ್ಕೆ ವಯರು ಸರಿಯಾಗಿ ತಾಗುತ್ತಲೇ ಇರಲಿಲ್ಲ. ನಾಚಿಕೆಯಾಯಿತು, ನಗುವೂ ಬಂತು. ಉಪ್ಪು ಕಾಗದದಿಂದ ಲೋಹ ಹೊಳೆಯುವ ತನಕ ತಿಕ್ಕಿ, ಬೋಲ್ಟು ಬಿಗಿದೆ. ದೀಪ ಹಾಕಿದರೆ ಶೆಡ್ಡಿನ ಮೂಲೆಯ ಜೇಡರ ಬಲೆ ಎಳೆ ಎಳೆಯಾಗಿ ಕಂಡಿತು.

ಸಂಜೆಯೇ ಗ್ಯಾರೇಜಿಗೆ ಹೋಗಿ, ಬೈದದ್ದು ಎಲ್ಲರೆದುರು ಆದದ್ದರಿಂದ ತಪ್ಪನ್ನೂ ಎಲ್ಲರೆದುರೇ ಒಪ್ಪಿಕೊಂಡೆ. “ಬಣ್ಣ ಮಾತ್ರ ಚಂದ ಬಳ್ದೀರಿ ಮೇಡಂ” ಎಂದು ಮೆಕ್ಯಾನಿಕ್ ನಕ್ಕ.

ಭಾನುವಾರ ಲಾಡ್ಜಿನವರು ಬಂದರು. ನನ್ನ ಗಂಡ ತಾವೇ ದೀಪ ಹಾಕಿ, ಇಳಿದು ಬಂದು, ಗೋಡೆಯ ಮೇಲೆ ಬಿದ್ದ ಬೆಳಕನ್ನು ನೋಡಿದರು. ಬಂದವರಿಗೆ ಕಾರು ಹಿಡಿಸಿತು, ಎಷ್ಟಕ್ಕೆ ಕೊಡುತ್ತೀರಿ ಎಂದು ನನ್ನ ಗಂಡನನ್ನು ಕೇಳಿದರು.

“ನನ್ನತ್ರ ಎಂತ ಕೇಳ್ತೀರಿ” ಎಂದರು ನನ್ನ ಗಂಡ. “ಕಾರು ಅವಳ್ದು. ರಿಪೇರಿ ಮಾಡಿದ್ದೂ ಅವಳೇ.”

ಮದುವೆಯಾದ ಇಪ್ಪತ್ತು ವರ್ಷಗಳಲ್ಲಿ ಅವರು ನನ್ನನ್ನು ಮೂರನೆಯವರೆದುರು ಹೊಗಳಿದ್ದು ಅದೇ ಮೊದಲು. ಕೊಡುವುದಿಲ್ಲ ಎಂದು ಹೇಳಿ, ಬಂದವರಿಗೆ ಕಾಫಿ ತರಲು ಒಳಗೆ ಹೋದೆ. ಕಾರಿನ ಬೀಗದ ಕೈಯನ್ನು ಗಂಡನ ಕೈಯಿಂದ ಇಸಿದುಕೊಂಡೇ ಹೋದೆ.