ಅಟ್ಟದ ಮೇಲೆ ಅತ್ತವರು

ಸೃಷ್ಟಿಯ ರಹಸ್ಯದ ಮುಂದೆ ಮನುಷ್ಯನ ಬುದ್ಧಿ ಅತ್ಯಲ್ಪ ಎಂದು ಹಿರಿಯರು ಹೇಳುತ್ತಾರೆ. ನನಗೆ ಹಾಗೆ ಹೇಳಿದ ಹಿರಿಯರೆಲ್ಲ ಊಟ ಮುಗಿಸಿ ಎಲೆಯಡಿಕೆ ಹಾಕಿಕೊಳ್ಳುವ ಹೊತ್ತಿನಲ್ಲಿ ಹೇಳಿದ್ದರಿಂದ ನಾನು ಆ ಮಾತಿಗೆ ಹೆಚ್ಚು ಬೆಲೆ ಕೊಟ್ಟವನಲ್ಲ. ದೆವ್ವ ಪಿಶಾಚಿಗಳಲ್ಲಿ ನನಗೆ ನಂಬಿಕೆ ಇರಲಿಲ್ಲ. ಕನ್ನಡ ಪಂಡಿತನಾದ ನನಗೆ ಭೂತವೆಂದರೆ ಕ್ರಿಯಾಪದದ ಒಂದು ಕಾಲ, ಅಷ್ಟೆ.

ಅರವತ್ತರ ದಶಕದ ಮೊದಲ ವರ್ಷಗಳು. ಮೈಸೂರಿನಿಂದ ಹನೂರಿನ ಶಾಲೆಗೆ ವರ್ಗವಾಗಿ ಬಂದಿದ್ದೆ. ಆ ಸೀಮೆಯ ಜನ ಒಳ್ಳೆಯವರು. ಆದರೆ ಹಕಾರದ ಮೇಲೆ ಅವರಿಗೆ ಏನೋ ಹಳೆಯ ಮುನಿಸು. ಹಾಲು ಅವರ ಬಾಯಲ್ಲಿ ಆಲು, ಹಲಗೆ ಅಲಗೆ. ಬಂದ ಹೊಸದರಲ್ಲಿ ಒಬ್ಬರು, "ಸಂತೇಲಿ ಅಸು ಮಾರ್ಬುಟ್ಟು ಬಂದೆ ಸಾ" ಎಂದಾಗ ನಾನು ಅವರ ಮುಖವನ್ನೇ ನೋಡಿದೆ. ಮಾರಿದ್ದು ಪ್ರಾಣವನ್ನಲ್ಲ, ಹಸುವನ್ನು ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಅಲ್ಲಿಂದ ಮುಂದೆ ಎಲ್ಲಿ ಹಕಾರ ಬಿದ್ದುಹೋಗಿದ್ದರೂ ನನ್ನ ಕಿವಿ ತಾನೇ ಎತ್ತಿ ಸೇರಿಸುವುದನ್ನು ಅಭ್ಯಾಸ ಮಾಡಿಕೊಂಡಿತು.

ನಾನು ಬಾಡಿಗೆಗೆ ಹಿಡಿದದ್ದು ಮಾದಮ್ಮ ಎಂಬ ಹಿರಿಯ ಹೆಂಗಸಿನ ಹೆಂಚಿನ ಮನೆ. ಆಕೆ ಪಕ್ಕದ ಮನೆಯಲ್ಲೇ ಇದ್ದರು. ನನ್ನ ಹೆಂಡತಿ ಅಣ್ಣನ ಜೊತೆ ಬಂದು ಒಂದು ರಾತ್ರಿ ಇದ್ದಳು. ನಡುಮನೆಯ ಅಟ್ಟವನ್ನು ಹೊತ್ತ ತೊಲೆ ಮಧ್ಯದಲ್ಲಿ ಬಾಗಿತ್ತು. ಅವಳು ಮಲಗಿಕೊಂಡು ಅದನ್ನೇ ನೋಡುತ್ತಿದ್ದು, ಬೆಳಿಗ್ಗೆ ಎದ್ದು, "ತೊಲೆ ಸರಿಮಾಡಿಸಿ, ಬರ್ತೀನಿ" ಎಂದು ಮೈಸೂರಿನ ಬಸ್ಸು ಹತ್ತಿದಳು. ಅದು ದೀಪಾವಳಿ ಕಳೆದ ಮೇಲೆ. ಶಿವರಾತ್ರಿ ಮುಗಿದರೂ ತೊಲೆಗೆ ಆಚಾರಿ ಸಿಕ್ಕಿರಲಿಲ್ಲ. ನಾನು ಅಳತೆ ತಪ್ಪಿ ಇಬ್ಬರಿಗಾಗುವಷ್ಟು ಅನ್ನ ಮಾಡುತ್ತಿದ್ದೆ, ರಾತ್ರಿಯೂ ಅದನ್ನೇ ಉಣ್ಣುತ್ತಿದ್ದೆ. ಅಡಿಗೆಯಲ್ಲಿ ನನಗೆ ಪಾಂಡಿತ್ಯ ಸಾಲದು ಎಂಬುದೊಂದೇ ಇದಕ್ಕೆ ಕಾರಣ ಎಂದು ನಾನು ತಿಳಿದಿದ್ದೆ.

ಕೊನೆಗೆ ಕಾಮಗೆರೆಯ ಪುಟ್ಟಾಚಾರಿ ಒಪ್ಪಿಕೊಂಡ. ವಯಸ್ಸಾದ ಆಳು, ತನ್ನ ಕೆಲಸವನ್ನು ತಾನೇ ಹೊಗಳಿಕೊಳ್ಳುವುದರಲ್ಲಿ ಯಾರಿಗೂ ತೊಂದರೆ ಕೊಡುತ್ತಿರಲಿಲ್ಲ. ಕೊಳ್ಳೇಗಾಲದಿಂದ ಹೊಸ ತೊಲೆ ಗಾಡಿಯಲ್ಲಿ ಬಂದು ಅಂಗಳದಲ್ಲಿ ಬಿತ್ತು. ಇಂಥ ಘಟನೆಗಳು ರಾತ್ರಿಯಲ್ಲೇ ನಡೆಯಬೇಕೆಂಬ ನಿಯಮವಿದೆ. ಕ್ಷಮಿಸಬೇಕು, ಇದು ನಡೆದದ್ದು ಭಾನುವಾರ ಮಧ್ಯಾಹ್ನ, ಸಾರು ಕುದಿಯುತ್ತಿದ್ದಾಗ.

ಹಳೆಯ ತೊಲೆಯ ತುದಿ ನೋಡಲು ಅಟ್ಟಕ್ಕೆ ಹೋಗಿದ್ದ ಆಚಾರಿ ಏಣಿ ಇಳಿದು ಬಂದು ನನ್ನ ಪಕ್ಕ ನಿಂತ.

"ಮೇಷ್ಟ್ರೇ, ಅಟ್ಟದ ಮ್ಯಾಲೆ ಯಾರೋ ಅತ್ತವ್ರೆ ಕಣ್ರಿ."

ನನ್ನ ಕಿವಿ ಹಕಾರ ಸೇರಿಸಿತು. ಕಳ್ಳನೇನೋ ಎಂದುಕೊಂಡೆ. "ಯಾರು?" ಎಂದೆ.

"ನೀವೇ ಇರ್ಬೇಕು. ಇನ್ಯಾರವ್ರೆ ಈ ಮನೇಲಿ?"

"ನಾನು ಹತ್ತೇ ಇಲ್ಲ. ನನಗೆ ಮಂಡಿನೋವು."

"ಮಂಡಿನೋವ್ಗೂ ಅತ್ತೋರು ಅವ್ರೆ, ಬುಡಿ. ನಾಚ್ಕೆ ಯಾಕೆ ಸಾ? ನಮ್ಮವ್ವ ಓದಾಗ ನಮ್ಮಪ್ಪನೇ ಊರೋರ್ ಮುಂದೆ ಅತ್ತಿದ್ದುಂಟು."

ಏನನ್ನು ಹತ್ತಿದರು ಎಂದು ನಾನು ಕೇಳಲಿಲ್ಲ. ಒಂದೊಂದು ಮನೆತನಕ್ಕೆ ಒಂದೊಂದು ಪದ್ಧತಿ.

"ಒಂದ್ ಸಲ ಅತ್ಬುಡಿ ಸಾ. ಆಮೇಲೆ ತೊಲೆ ಏರುಸ್ತೀನಿ. ಅಲ್ಲೀಗಂಟ ನಾನು ಉಳಿ ಮುಟ್ಟಾಕಿಲ್ಲ" ಎಂದು ಅವನು ಗೋಡೆಗೊರಗಿ ಕೂತುಬಿಟ್ಟ.

ಕೆಲಸಕ್ಕೆ ಮೊದಲು ಮನೆಯವರು ಮೇಲೆ ಹೋಗಿ ನೋಡಿ ಒಪ್ಪಬೇಕೆಂಬ ಶಾಸ್ತ್ರವಿರಬಹುದು ಎಂದುಕೊಂಡು ನಾನು ಮಂಡಿ ಹಿಡಿದುಕೊಂಡು ಏಣಿ ಹತ್ತಿದೆ.

ಅಟ್ಟದಲ್ಲಿ ವಿಶೇಷವೇನೂ ಇರಲಿಲ್ಲ. ಗಾಜಿನ ಹೆಂಚಿನಿಂದ ಬಿಸಿಲು ಬಿದ್ದಿತ್ತು. ಹಲಗೆಯ ಮೇಲೆ ಧೂಳು, ಧೂಳಿನಲ್ಲಿ ಆಚಾರಿಯ ಹೆಜ್ಜೆ. ನಾನು ಕೂತು ಸುತ್ತ ನೋಡಿದೆ. ಅವಳ ಟ್ರಂಕನ್ನು ಈ ಮೂಲೆಯಲ್ಲಿಡಬಹುದು, ಉಪ್ಪಿನಕಾಯಿ ಜಾಡಿಗಳನ್ನು ಬಿಸಿಲು ತಾಗದ ಆ ಕಡೆ ಇಡಬಹುದು ಎಂದು ಯೋಚಿಸಿದ್ದು ಚೆನ್ನಾಗಿ ನೆನಪಿದೆ. ಬಾಯಿ ಬಿಡಲಿಲ್ಲ. ನನ್ನ ಕಣ್ಣು ಒಣಗಿದ್ದವು. ಯಾವ ಸದ್ದೂ ನನಗೆ ಕೇಳಿಸಲಿಲ್ಲ, ಕೆಳಗಿನಿಂದ ಬಂದ ಆಚಾರಿಯ ಮಾತಿನ ಹೊರತು.

"ಅಂಗೇ ಸಾ. ತಡೀಬ್ಯಾಡಿ. ಪೂರ್ತಿ ಆಗೋಗ್ಲಿ."

ತುದಿಯವರೆಗೂ ಹೋಗಿ ನೋಡು ಎನ್ನುತ್ತಾನೆ ಎಂದುಕೊಂಡು ತೆವಳಿದೆ.

"ಸಮಾದಾನ ಸಾ, ಸಮಾದಾನ" ಎಂದ. ಹಲಗೆ ಗಟ್ಟಿಯಿಲ್ಲವೇನೋ ಎಂದು ನಿಧಾನ ಮಾಡಿದೆ.

ಇಳಿದು ಬಂದಾಗ ಅವನು ಹೆಗಲ ಮೇಲಿನ ಟವೆಲು ತೆಗೆದು ಕೊಟ್ಟು, "ಮಖ ಒರೆಸ್ಕಳಿ" ಎಂದ. ಧೂಳಿತ್ತು, ಒರೆಸಿಕೊಂಡೆ. ಅವನ ಕಣ್ಣು ತೇವವಾಗಿದ್ದವು. ಅಷ್ಟರಲ್ಲಿ ಹಿತ್ತಿಲ ಬಾಗಿಲಿನಿಂದ ಮಾದಮ್ಮ ರಾಗಿಹಿಟ್ಟಿನ ಕೈಯಲ್ಲೇ ಒಳಗೆ ಬಂದರು.

"ಯಾಕ್ ಮೇಷ್ಟ್ರೇ, ಅಂಗ್ ಅಳ್ತಿದ್ರಿ? ಮೈಸೂರಿಂದ ಏನಾರ ಕೆಟ್ಟ ಸುದ್ದಿ ಬಂತಾ?"

'ಹತ್ತು' ಮತ್ತು 'ಅಳು' ಎಂಬ ಎರಡು ಧಾತುಗಳು ಆ ಸೀಮೆಯ ಭೂತಕಾಲದಲ್ಲಿ ಒಂದೇ ರೂಪ ತಾಳುತ್ತವೆ ಎಂಬುದು ನನಗೆ ಆಗ ಹೊಳೆಯಿತು. 'ಅಳ್ತಿದ್ರಿ' ಎಂಬಲ್ಲಿಗೆ ಸೇರಿಸಲು ನನ್ನ ಕಿವಿಗೆ ಹಕಾರ ದೊರೆಯಲಿಲ್ಲ.

ನಾನು ಅಳಲಿಲ್ಲ ಎಂದೆ. ಮಾದಮ್ಮ ಆಚಾರಿಯ ಮುಖ ನೋಡಿದರು. "ಇವರು ಒಪ್ಪಾಕಿಲ್ಲ, ಬುಡವ್ವ" ಎಂದ ಅವನು. ಆಮೇಲೆ ನನಗೆ ಹೇಳಿದ: "ಮೊದ್ಲು ನಾನು ಮ್ಯಾಲಿದ್ದಾಗ ಮೂಲೇಲಿ ಕೇಳ್ತು ಸಾ. ನಿಮ್ ದನೀನೇ. ಬಗ್ಗಿ ನೋಡ್ತೀನಿ, ನೀವು ಕೆಳ್ಗೆ ಬಾಯ್ ಮುಚ್ಕಂಡು ಸಾರು ತಿರುಗುಸ್ತಾ ಇದ್ರಿ. ಅಳು ಇರೋ ಮನೇಲಿ ಏರಿಸುದ್ ತೊಲೆ ನಿಲ್ಲಾಕಿಲ್ಲ. ಅದ್ಕೇ ಒಂದ್ ಸಲ ಅತ್ಬುಡಿ ಅಂದೆ. ಅತ್ರಿ. ಆಯ್ತಲ್ಲ."

ಮಾದಮ್ಮ ಮನೆಗೆ ಹೋಗಿ ಮಜ್ಜಿಗೆ ತಂದುಕೊಟ್ಟರು. ಅಷ್ಟು ತಿಂಗಳಲ್ಲಿ ಆ ಮನೆಯೊಳಗೆ ಬೇರೊಬ್ಬರು ನನ್ನ ಕೈಗೆ ಲೋಟ ಕೊಟ್ಟದ್ದು ಅದೇ ಮೊದಲು. ನಾನು ಕುಡಿದು ಮುಗಿಸುವವರೆಗೆ ಇಬ್ಬರೂ ಅಲ್ಲೇ ಕೂತಿದ್ದರು. ಸಾರು ತಳ ಹಿಡಿಯಿತು.

ಆಚಾರಿ ಸುಳ್ಳು ಹೇಳಿದ ಎನ್ನೋಣವೆಂದರೆ ಮಾದಮ್ಮ ಪಕ್ಕದ ಮನೆಯಲ್ಲಿ ಹಿಟ್ಟು ಜರಡಿ ಹಿಡಿಯುತ್ತಿದ್ದವರು. ಇಬ್ಬರೂ ಮೊದಲೇ ಮಾತಾಡಿಕೊಂಡಿರುವುದು ಸಾಧ್ಯವಿರಲಿಲ್ಲ. ನಾನೇ ಅರಿವಿಲ್ಲದೆ ಅತ್ತೆ ಎನ್ನೋಣವೆಂದರೆ, ಒಬ್ಬ ಅತ್ತರೆ ಅದು ಮೊದಲು ತಿಳಿಯಬೇಕಾದದ್ದು ಅವನಿಗೇ. ಇದನ್ನು ಒಪ್ಪಿದರೂ, ನಾನು ಸಾರು ತಿರುಗಿಸುತ್ತಿದ್ದಾಗ ಮೇಲೆ ಅತ್ತವರು ಯಾರು? ಕರ್ತೃವಿಲ್ಲದೆ ಕ್ರಿಯೆ ನಡೆಯದು ಎಂದು ಮೂವತ್ತು ವರ್ಷ ಪಾಠ ಹೇಳಿದೆ. ಆ ಪಾಠ ಬಂದಾಗಲೆಲ್ಲ ಒಂದು ಗಳಿಗೆ ತಡವರಿಸುತ್ತಿದ್ದೆ. ಹುಡುಗರು ನಾನು ನಶ್ಯದ ಡಬ್ಬಿ ಹುಡುಕುತ್ತಿದ್ದೇನೆ ಎಂದುಕೊಳ್ಳುತ್ತಿದ್ದರು.

ಹೊಸ ತೊಲೆ ಅಂದೇ ಸಂಜೆ ಏರಿತು, ಕೂದಲಷ್ಟೂ ಬಾಗಲಿಲ್ಲ. ಮೈಸೂರಿಗೆ ಬರೆದೆ. ಅವಳಿಗೆ ಆ ಮನೆಯಿಂದ ಬಾವಿ ದೂರವಾಯಿತಂತೆ ಎಂದು ಅವಳ ಅಣ್ಣ ಹೇಳಿಕಳಿಸಿದ. ಹೆಂಡತಿ ಆ ಮನೆಗೆ ಬರಲಿಲ್ಲ. ಎರಡು ವರ್ಷ ಕಳೆದ ಮೇಲೆ ನನಗೆ ಯಳಂದೂರಿಗೆ ವರ್ಗವಾಯಿತು.